ದೊಡ್ಡಪ್ಪನ ನವೆಂಬರ್ 25

25 ನವೆಂಬರ್ 2025, ಮಂಗಳವಾರ
ವಿರಾಜಪೇಟೆ ಸಮೀಪ

ಬೆಳಿಗ್ಗೆ ಆರಕ್ಕೆ ಎದ್ದಾಗ ಮಂಜು ಕಣದ ಮೇಲೆಯೇ ಕುಳಿತಿತ್ತು. ನಿನ್ನೆ ಹರವಿದ ಅರೇಬಿಕಾ ಕಾಫಿ ಹಣ್ಣಿನ ಮೇಲಿನ ಟಾರ್ಪಾಲು ಒದ್ದೆಯಾಗಿತ್ತು. ಕೆಲಸದವರು ಬರುವುದು ಎಂಟಕ್ಕೆ. ಅಷ್ಟರಲ್ಲಿ ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಅಂಗಳಕ್ಕೆ ಬಂದು ನಿಂತಿದ್ದರು. ಕೈಯಲ್ಲಿ ಪಿಂಚಣಿ ಪುಸ್ತಕ, ಆಧಾರ್ ಕಾರ್ಡ್, ಪ್ಲಾಸ್ಟಿಕ್ ಚೀಲ.

"ಇವತ್ತೇ ಹೋಗಬೇಕು, ಮಗಳೇ. ತಿಂಗಳು ಮುಗಿಯುತ್ತಾ ಬಂತು."

ನವೆಂಬರ್ ಬಂತೆಂದರೆ ನಮ್ಮ ಊರಿನ ಮಾಜಿ ಸೈನಿಕರೆಲ್ಲ ಜೀವನ ಪ್ರಮಾಣಪತ್ರಕ್ಕಾಗಿ ಓಡಾಡುತ್ತಾರೆ. ತಾವು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ತೋರಿಸಿಕೊಡಬೇಕು, ಇಲ್ಲವಾದರೆ ಪಿಂಚಣಿ ನಿಲ್ಲುತ್ತದೆ. ದೊಡ್ಡಪ್ಪ ಇದನ್ನು ಯಾವ ವರ್ಷವೂ ತಿಂಗಳ ಮೊದಲ ವಾರದಲ್ಲಿ ಮುಗಿಸಿದವರಲ್ಲ. ಪ್ರತಿ ಬಾರಿ 25ನೇ ತಾರೀಖನ್ನೇ ಹಿಡಿಯುತ್ತಾರೆ. ಭಾನುವಾರ ಬಿದ್ದರೆ ಮರುದಿನ. ದೊಡ್ಡಮ್ಮ ಇದ್ದಾಗ ಗೊಣಗುತ್ತಿದ್ದರು: ಕಾಫಿ ಕೊಯ್ಲಿನ ನಡುವೆ, ಹುತ್ತರಿ ಹಬ್ಬದ ಹೊಸ್ತಿಲಲ್ಲಿ ಇದೆಂಥ ಹಠ ಎಂದು. ಕಾರಣ ನನಗೆ ತಿಳಿದದ್ದು ಈಗ ನಾಲ್ಕು ವರ್ಷಗಳ ಹಿಂದೆ. ಇವತ್ತು ಅದನ್ನು ಬರೆದಿಡಬೇಕು ಎನ್ನಿಸಿದೆ.

ದೊಡ್ಡಪ್ಪ ಸೇನೆಯ ಎಎಸ್‌ಸಿಯಲ್ಲಿ, ಅಂದರೆ ಸಾಮಗ್ರಿ ಸಾಗಿಸುವ ವಿಭಾಗದಲ್ಲಿ, ಚಾಲಕರಾಗಿದ್ದರು. 1987ರಲ್ಲಿ ಅವರಿಗೆ 29 ವರ್ಷ. ಆ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜೆ.ಆರ್. ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಸಿಂಹಳೀಯರ ಸರ್ಕಾರಕ್ಕೂ ತಮಿಳು ಹೋರಾಟಗಾರರಿಗೂ 1983ರಿಂದ ನಡೆಯುತ್ತಿದ್ದ ಅಂತರ್ಯುದ್ಧವನ್ನು ನಿಲ್ಲಿಸಲು ನಮ್ಮ ಶಾಂತಿಪಾಲನಾ ಪಡೆ ಸಮುದ್ರ ದಾಟಿತು. ಹೋದಾಗ ಜನ ಹೂಮಾಲೆ ಹಾಕಿದರಂತೆ. ಅಕ್ಟೋಬರ್ ಹೊತ್ತಿಗೆ ಅದೇ ಪಡೆ ಎಲ್‌ಟಿಟಿಇ ಜೊತೆ ಯುದ್ಧಕ್ಕಿಳಿದಿತ್ತು. ಪಲಾಲಿ ವಿಮಾನ ನಿಲ್ದಾಣದಿಂದ ಜಾಫ್ನಾ ಕಡೆಗೆ ರೇಷನ್ ಮತ್ತು ಮದ್ದುಗುಂಡು ತುಂಬಿದ ಲಾರಿ ಓಡಿಸುವುದು ದೊಡ್ಡಪ್ಪನ ಕೆಲಸ. ರಸ್ತೆಯ ಕೆಳಗೆ ನೆಲಬಾಂಬ್, ಎರಡೂ ಬದಿಗೆ ತಾಳೆ ಮರ.

ಅವರು ಆ ದಿನಗಳ ಬಗ್ಗೆ ಹೆಚ್ಚು ಮಾತನಾಡುವುದಿಲ್ಲ. ಯಾರಾದರೂ ಕೆದಕಿದರೆ, "ಗೆದ್ದಿರೋ ಸೋತಿರೋ ಎಂದು ಕೇಳಬೇಡಿ. ರೇಷನ್ ಮುಟ್ಟಿತೋ ಇಲ್ಲವೋ, ಅದನ್ನು ಕೇಳಿ" ಎನ್ನುತ್ತಾರೆ. ಮುಟ್ಟಿತೇ ಎಂದು ಕೇಳಿದರೆ, "ಮುಟ್ಟಿತು. ಒಂದು ದಿನ ಬಿಟ್ಟು" ಎನ್ನುತ್ತಾರೆ. ಆ ಒಂದು ದಿನ ಯಾವುದೆಂದು ನಾನೂ ಕೇಳಿಲ್ಲ.

ನವೆಂಬರ್ 26ರ ಬೆಳಿಗ್ಗೆ ಪಲಾಲಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಅವರ ಕಿವಿಗೆ ಸುದ್ದಿ ಬಿತ್ತು. ರಾತ್ರಿ ಮಹಾರ್ ಪಲ್ಟಣದ ಒಬ್ಬ ಮೇಜರ್ ಹೋದರು, ಆದರೆ ಹೊಂಚು ಮುರಿದು ಹೋದರು ಎಂದು. ಹೆಸರು ತಿಳಿದದ್ದು ಪದಕ ಘೋಷಣೆಯಾದ ಮೇಲೆ: ಮೇಜರ್ ರಾಮಸ್ವಾಮಿ ಪರಮೇಶ್ವರನ್, 8 ಮಹಾರ್, ಪರಮವೀರ ಚಕ್ರ, ಮರಣೋತ್ತರ.

ಬಸ್ಸಿನಲ್ಲಿ ಬೇತ್ರಿ ಸೇತುವೆ ದಾಟುವಾಗ ದೊಡ್ಡಪ್ಪ ಎಂದಿನಂತೆ ಕಾವೇರಿಗೆ ಕೈಮುಗಿದರು. ಆಮೇಲೆ ತಾವಾಗಿಯೇ ಮಾತು ತೆಗೆದರು. ಇಷ್ಟು ವರ್ಷ ನನಗೆ ಚೂರುಚೂರಾಗಿ ಹೇಳಿದ್ದನ್ನು ಇವತ್ತು ಒಟ್ಟಿಗೆ ಹೇಳಿದರು.

ಪರಮೇಶ್ವರನ್ ಹುಟ್ಟಿದ್ದು ಮುಂಬೈಯಲ್ಲಿ, 1946ರ ಸೆಪ್ಟೆಂಬರ್ 13ರಂದು. 1972ರಲ್ಲಿ ಚೆನ್ನೈನ ತರಬೇತಿ ಶಾಲೆಯಿಂದ ಅಧಿಕಾರಿಯಾಗಿ ಹೊರಬಂದು ಮಹಾರ್ ರೆಜಿಮೆಂಟಿಗೆ ಸೇರಿದರು. (ಈ ರೆಜಿಮೆಂಟಿನ ಮೊದಲ ಪಲ್ಟಣ 1941ರಲ್ಲಿ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲಿ ಎಂಬುದು ಎಷ್ಟು ಮಂದಿ ಕನ್ನಡಿಗರಿಗೆ ಗೊತ್ತು?) ಆ ರಾತ್ರಿ ಅವರಿಗೆ 41 ವರ್ಷ. ಶೋಧ ಕಾರ್ಯ ಮುಗಿಸಿ ತಡರಾತ್ರಿ ತುಕಡಿಯೊಂದಿಗೆ ಹಿಂದಿರುಗುತ್ತಿದ್ದಾಗ ಉಗ್ರರು ಹೊಂಚು ಹಾಕಿ ಗುಂಡು ಹಾರಿಸಿದರು.

"ಹೊಂಚಿನಲ್ಲಿ ಸಿಕ್ಕಿಬಿದ್ದವನಿಗೆ ಮೊದಲು ಬೇಕಾಗುವುದು ನೆಲ" ಎಂದರು ದೊಡ್ಡಪ್ಪ. "ಮುಖ ಮಣ್ಣಿಗೆ ಒತ್ತಿ ಮಲಗಿಬಿಡಬೇಕು ಅನ್ನಿಸುತ್ತದೆ. ಹೊಂಚು ಹಾಕಿದವನಿಗೂ ಅದು ಗೊತ್ತು. ನೀನು ಮಲಗುವ ಜಾಗವನ್ನೂ ಅವನು ಮೊದಲೇ ಗುರುತು ಮಾಡಿಟ್ಟಿರುತ್ತಾನೆ. ನನ್ನ ಅಪ್ಪ ಹಂದಿ ಬೇಟೆಯ ಮಾತು ಹೇಳುತ್ತಿದ್ದರು, ಬೇಟೆ ಇದ್ದ ಕಾಲದಲ್ಲಿ. ಹಂದಿ ಎಬ್ಬಿಸುವ ಸೋವಿನವರ ಕೂಗು ಒಂದು ಕಡೆ, ಕೋವಿ ಇನ್ನೊಂದು ಕಡೆ. ಹೆದರಿದ ಹಂದಿ ಕೂಗಿಗೆ ಬೆನ್ನು ಹಾಕಿ ನೇರ ಕೋವಿಗೆ ಬರುತ್ತದೆ. ಹಳೆಯ ಒಂಟಿ ಹಂದಿ ಮಾತ್ರ ನಿಂತು, ಮೂಸಿ, ಸುತ್ತಿಕೊಂಡು ಕೋವಿಯವನ ಬೆನ್ನಿಗೆ ಬರುತ್ತದೆ."

ಪರಮೇಶ್ವರನ್ ಮಾಡಿದ್ದು ಅದನ್ನೇ. ಮಲಗಲಿಲ್ಲ, ಎದುರಿಗೂ ನುಗ್ಗಲಿಲ್ಲ. ಕತ್ತಲಲ್ಲಿ ಸುತ್ತು ಹಾಕಿ ಹೊಂಚು ಕುಳಿತವರ ಹಿಂದಿನಿಂದ ಮೇಲೆರಗಿದರು. ಅವರಿಗೆ ತಿರುಗಿ ನೋಡಲೂ ಹೊತ್ತು ಸಿಗಲಿಲ್ಲ. ಕೈಕೈ ಮಿಲಾಯಿಸುವ ಕಾಳಗ ನಡೆಯಿತು. ಒಬ್ಬ ಉಗ್ರ ಅವರ ಎದೆಗೆ ಗುಂಡು ಹೊಡೆದ. ಅವರು ಅವನ ಕೈಯ ಬಂದೂಕನ್ನೇ ಕಿತ್ತುಕೊಂಡು ಅವನನ್ನು ಹೊಡೆದುರುಳಿಸಿದರು. ಗಾಯ ಮಾರಣಾಂತಿಕವಾಗಿತ್ತು. ಉಸಿರು ನಿಲ್ಲುವವರೆಗೂ ತಮ್ಮವರಿಗೆ ಆದೇಶ ಕೊಡುತ್ತಲೇ ಇದ್ದರು.

ನನ್ನನ್ನು ಹಿಡಿದು ನಿಲ್ಲಿಸುವುದು ಬಂದೂಕು ಕಿತ್ತುಕೊಂಡ ಗಳಿಗೆಯಲ್ಲ. ಅದಕ್ಕಿಂತ ಮೊದಲಿನದು: ಗುಂಡು ಬೀಳತೊಡಗಿದ ಮೇಲೆ, ಕತ್ತಲಲ್ಲಿ, ತನ್ನನ್ನು ನಂಬಿದ ಹುಡುಗರು ಹಿಂದಿರುವಾಗ, ತಲೆ ತಣ್ಣಗೆ ಇಟ್ಟುಕೊಂಡು ದಾರಿ ಹುಡುಕಿದ ಆ ಒಂದೆರಡು ನಿಮಿಷ. ಎದೆಗೆ ಗುಂಡು ತಗುಲಿದ ಮೇಲೆ ಮನುಷ್ಯ ಸಿಟ್ಟಿನಿಂದಲೂ ಹೋರಾಡಬಹುದು. ಯೋಚಿಸುವುದಕ್ಕೆ ಬೇರೆಯೇ ಧೈರ್ಯ ಬೇಕು.

ಮಡಿಕೇರಿ ತಲುಪಿದಾಗ ಹತ್ತೂವರೆ. ಸೇವಾ ಕೇಂದ್ರದಲ್ಲಿ ದೊಡ್ಡಪ್ಪನ ಹೆಬ್ಬೆಟ್ಟು ಯಂತ್ರಕ್ಕೆ ಸಿಗಲಿಲ್ಲ. ಮೂರು ಸಲ ಒತ್ತಿಸಿದರು, ಒರೆಸಿ ಒತ್ತಿಸಿದರು. ಕಾಫಿ ಕುಯ್ದು, ಕತ್ತಿ ಹಿಡಿದು ಸವೆದ ಬೆರಳು. ಅಲ್ಲಿದ್ದ ಹುಡುಗಿ ತಾಳ್ಮೆಯವಳು. ಮೊಬೈಲ್ ಎತ್ತಿ ಹಿಡಿದು, "ಮುಖ ತೋರಿಸಿದರೂ ಆಗುತ್ತದೆ ಅಜ್ಜ. ಇಲ್ಲಿ ನೋಡಿ, ಕಣ್ಣು ಮಿಟುಕಿಸಿ" ಎಂದಳು.

ದೊಡ್ಡಪ್ಪ ಮಿಟುಕಿಸಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕ್ಯಾಮೆರಾವನ್ನೇ ದಿಟ್ಟಿಸಿದರು. ಸೈನಿಕರ ಫೋಟೊಗೆ ನಿಲ್ಲುವ ರೀತಿ ಅದು. "ಮಿಟುಕಿಸದಿದ್ದರೆ ಫೋಟೊ ಅಂದುಕೊಳ್ಳುತ್ತದೆ ಅಜ್ಜ, ಜೀವ ಇದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ" ಎಂದು ಹುಡುಗಿ ಬಿಡಿಸಿ ಹೇಳಿದಳು. ಆಗ ಮಿಟುಕಿಸಿದರು. ಎರಡು ಸಲ. ಕಣ್ಣಂಚಿನಲ್ಲಿ ನೀರಿತ್ತು. ನಾನು ಬೇರೆ ಕಡೆ ನೋಡಿದೆ.

ಹೊರಗೆ ಬಂದು, "ಸನ್ನಿಸೈಡಿಗೆ ಹೋಗೋಣ" ಎಂದರು.

ಜನರಲ್ ತಿಮ್ಮಯ್ಯನವರ ಆ ಮನೆ 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಂಗಳದಲ್ಲಿ ಯುದ್ಧ ಸ್ಮಾರಕವಿದೆ. ದೊಡ್ಡಪ್ಪ ಅಲ್ಲಿ ಚಪ್ಪಲಿ ಬಿಟ್ಟು, ಕೈಕಟ್ಟದೆ, ಕಾಲು ಜೋಡಿಸಿ ಒಂದು ನಿಮಿಷ ನಿಂತರು. ಒಳಗೆ ಸೈಪ್ರಸ್‌ನ ಹೆಸರು ಕಂಡಲ್ಲಿ ಮತ್ತೆ ನಿಂತರು. ಕೊಡಗಿನಲ್ಲಿ ತಿಮ್ಮಯ್ಯನವರ ಹೆಸರು ಗೊತ್ತಿಲ್ಲದ ಮಗು ಇಲ್ಲ. ಅವರು ತೀರಿಕೊಂಡದ್ದು ಎಲ್ಲಿ ಎಂದು ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಸೈಪ್ರಸ್ ದ್ವೀಪದಲ್ಲಿ ಗ್ರೀಕ್ ಮತ್ತು ತುರ್ಕಿ ಮೂಲದ ಜನ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದಾಗ ನಡುವೆ ನಿಂತ ವಿಶ್ವಸಂಸ್ಥೆಯ ಪಡೆಗೆ ಅವರು ದಂಡನಾಯಕರಾಗಿ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ, ಕರ್ತವ್ಯದಲ್ಲಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

"ಇವರೂ ಪಕ್ಕದವರ ಮನೆಯ ಜಗಳ ಬಿಡಿಸಲು ಹೋದವರೇ" ಎಂದರು ದೊಡ್ಡಪ್ಪ.

ಈ ಮಾತು ನನ್ನ ತಲೆಯಲ್ಲಿ ಬಹಳ ಹೊತ್ತು ಉಳಿಯಿತು. ಇದುವರೆಗೆ ಪರಮವೀರ ಚಕ್ರ ಪಡೆದವರು 21 ಮಂದಿ. ಅವರಲ್ಲಿ ಇಬ್ಬರು ಬೇರೆಯವರ ಅಂತರ್ಯುದ್ಧದಲ್ಲಿ ಜೀವ ಕೊಟ್ಟವರು. ಒಬ್ಬರು ಪರಮೇಶ್ವರನ್. ಇನ್ನೊಬ್ಬರು ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ. ಕಾಂಗೊ ಸ್ವತಂತ್ರವಾದ ಬೆನ್ನಿಗೇ ಕಟಾಂಗ ಪ್ರಾಂತ್ಯ ಸಿಡಿದು ನಿಂತಾಗ ವಿಶ್ವಸಂಸ್ಥೆಯ ಪರವಾಗಿ ಹೋದ ಗೂರ್ಖಾ ಪಲ್ಟಣದವರು. 1961ರ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನಲ್ಲಿ, ಕೇವಲ 16 ಮಂದಿಯನ್ನು ಕಟ್ಟಿಕೊಂಡು ಸುಮಾರು 90 ಶತ್ರುಗಳ ಮೇಲೆ ಕುಕ್ರಿ, ಸಂಗೀನುಗಳೊಂದಿಗೆ ನುಗ್ಗಿದರು. ಕುತ್ತಿಗೆಗೆ ಗುಂಡು ತಗುಲಿ ಮಡಿದಾಗ ವಯಸ್ಸು 26.

ನಮ್ಮ ಗಡಿಯಲ್ಲಿ ಮಡಿದವನ ಮನೆಗೆ ಊರೇ ಬರುತ್ತದೆ. ಇಂಥವರ ಮನೆಗೆ ಬರುವವರು "ಅಲ್ಲಿಗೆ ಯಾಕೆ ಹೋಗಬೇಕಿತ್ತು?" ಎಂಬ ಪ್ರಶ್ನೆಯನ್ನೂ ಹೊತ್ತು ಬರುತ್ತಾರೆ. ಪ್ರಶ್ನೆ ತಪ್ಪಲ್ಲ. ಅದನ್ನು ಕಳಿಸಿದವರಿಗೆ ಕೇಳಬೇಕು. ಶ್ರೀಲಂಕಾದಲ್ಲಿ ನಮ್ಮವರು ಸುಮಾರು 1,200 ಮಂದಿ ಸತ್ತರು. ಅಲ್ಲಿನ ಸಾಮಾನ್ಯ ತಮಿಳರೂ ಸತ್ತರು. 1987ರ ಅಕ್ಟೋಬರ್ 21ರಂದು ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರ ಗುಂಡಿಗೆ ವೈದ್ಯರು, ದಾದಿಯರು, ರೋಗಿಗಳು ಬಲಿಯಾದರು. ದೊಡ್ಡಪ್ಪ ಇದನ್ನು ಮುಚ್ಚಿಡುವವರಲ್ಲ. "ಅದೂ ಆಯಿತು" ಎನ್ನುತ್ತಾರೆ, ತಲೆ ತಗ್ಗಿಸಿ. ಇದನ್ನು ಬಿಟ್ಟು ಪರಮೇಶ್ವರನ್ ಅವರ ಸಾಹಸವನ್ನಷ್ಟೇ ಬರೆದರೆ ಅವರಿಗೂ ನ್ಯಾಯವಾಗುವುದಿಲ್ಲ ಎಂದು ನನ್ನ ಭಾವನೆ. ಅಂಥ ಗೋಜಲಿನ ನಡುವೆ ಒಬ್ಬ ಮನುಷ್ಯ ತನ್ನ ಪಾಲಿನ ಕೆಲಸವನ್ನು ಅಷ್ಟು ಶುದ್ಧವಾಗಿ ಮಾಡಿದ.

1990ರ ಮಾರ್ಚ್‌ನಲ್ಲಿ ಕೊನೆಯ ಹಡಗುಗಳು ಮದ್ರಾಸಿಗೆ ಬಂದಾಗ ಅಲ್ಲಿನ ಮುಖ್ಯಮಂತ್ರಿ ಸ್ವಾಗತಕ್ಕೆ ಬರಲಿಲ್ಲ. ದೊಡ್ಡಪ್ಪ ಅದಕ್ಕೂ ಮೊದಲೇ ಹಿಂತಿರುಗಿದ್ದರು. ಊರಿನಲ್ಲಿ ಯಾರೂ ಏನೂ ಕೇಳಲಿಲ್ಲವಂತೆ. 1965, 1971ರ ಯುದ್ಧಗಳಿಗೆ ಹೋಗಿ ಬಂದ ಹಿರಿಯರು ಆಯುಧ ಪೂಜೆಯ ಹಬ್ಬ ಕೈಲ್ಪೋದಿನಂದು ತಮ್ಮ ಕಥೆ ಹೇಳುತ್ತಿದ್ದರು, ಇವರು ಕೋವಿಗೆ ಹೂವಿಟ್ಟು ಸುಮ್ಮನೆ ಕುಳಿತಿರುತ್ತಿದ್ದರು. ಆ ದ್ವೀಪದಲ್ಲಿ ಮಡಿದ ನಮ್ಮವರಿಗೆ ಕೊಲಂಬೊ ಹತ್ತಿರ 2008ರಲ್ಲೇ ಸ್ಮಾರಕ ಎದ್ದಿತು. ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಬಂದದ್ದು 2019ರಲ್ಲಿ. ಅಂಡಮಾನಿನ ಒಂದು ದ್ವೀಪಕ್ಕೆ ಪರಮೇಶ್ವರನ್ ಹೆಸರು ಬಂದದ್ದು 2023ರಲ್ಲಿ, ಪರಮವೀರ ಚಕ್ರ ಪಡೆದ ಉಳಿದ 20 ಮಂದಿಯ ಹೆಸರಿನ ದ್ವೀಪಗಳ ಜೊತೆಗೆ.

ತಡವಾಗಿ ಬರುವ ಗೌರವ ಕೊಡಗಿಗೆ ಹೊಸತಲ್ಲ. ಬಸ್ ನಿಲ್ದಾಣಕ್ಕೆ ನಡೆಯುವಾಗ ನಮ್ಮ ಕೊಡಗಿನವರೇ ಆದ ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯನವರ ನೆನಪಾಯಿತು. 1965ರಲ್ಲಿ ಪಾಕಿಸ್ತಾನದ ಸರ್ಗೋಧಾದ ಮೇಲೆ ಹಳೆಯ ವಿಮಾನದಲ್ಲಿ ಹೋಗಿ, ಶತ್ರುವಿನ ಅತಿವೇಗದ ವಿಮಾನವನ್ನು ಎದುರಿಸಿ ಬೀಳಿಸಿದವರು. ಅವರಿಗೆ ಮಹಾವೀರ ಚಕ್ರ ಬರಲು 23 ವರ್ಷ ಹಿಡಿಯಿತು.

ಮನೆ ತಲುಪಿದಾಗ ಸಂಜೆ ಐದೂವರೆ. ಕೆಲಸದವರು ಇವತ್ತಿನ ಹಣ್ಣು ಅಳೆದು ಹೋಗಿದ್ದರು. ಊಟದ ನಂತರ ದೊಡ್ಡಪ್ಪ ಕಬ್ಬಿಣದ ಪೆಟ್ಟಿಗೆಯಿಂದ ತಮ್ಮ ಪದಕಗಳನ್ನು ತೆಗೆದರು. ವಿಶೇಷ ಸೇವಾ ಪದಕದ ಪಟ್ಟಿಯ ಮೇಲೆ ‘ಶ್ರೀಲಂಕಾ’ ಎಂಬ ಸಣ್ಣ ತಗಡು ಇದೆ. ಬಟ್ಟೆಯಿಂದ ಅದನ್ನಷ್ಟೇ ಒರೆಸಿದರು. ನೆಲ್ಲಕ್ಕಿ ಕೋಣೆಯ, ಅಂದರೆ ಮನೆಯ ನಡುಕೋಣೆಯ, ದೀಪದ ಪಕ್ಕ ಇಟ್ಟರು. ಇಷ್ಟು ವರ್ಷಗಳಲ್ಲಿ ಅದನ್ನು ಅಲ್ಲಿ ಇಟ್ಟದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ, ಪರಮೇಶ್ವರನ್ ಅವರ ಪದಕದೊಂದಿಗೆ ಸರ್ಕಾರ ಬರೆದ ಒಕ್ಕಣೆಯನ್ನು ಕನ್ನಡದಲ್ಲಿ ಓದಿ ಹೇಳು ಎಂದರು. ಮೊಬೈಲ್ ನೋಡುತ್ತಾ ವಾಕ್ಯ ವಾಕ್ಯವಾಗಿ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಕೊನೆಯಲ್ಲಿ ಲೆಕ್ಕವಿದೆ: ಐವರು ಉಗ್ರರು ಸತ್ತರು, ಮೂರು ರೈಫಲ್ ಮತ್ತು ಎರಡು ರಾಕೆಟ್ ಲಾಂಚರ್ ಸಿಕ್ಕವು, ಹೊಂಚು ತೆರವಾಯಿತು.

ದೊಡ್ಡಪ್ಪ ಇನ್ನೂ ಕಾಯುತ್ತಿದ್ದರು.

"ಅಷ್ಟೇ" ಎಂದೆ.

"ಅವರ ಜೊತೆಗಿದ್ದವರಲ್ಲಿ ಎಷ್ಟು ಮಂದಿ ತಿರುಗಿ ಬಂದರು ಎಂದು ಬರೆದಿಲ್ಲವೇ?"

"ಇಲ್ಲ, ದೊಡ್ಡಪ್ಪ."

ಅವರು ಟಾರ್ಚ್ ಹಿಡಿದು ಕಣದ ಕಡೆಗೆ ಹೋದರು. ಮಂಜು ಇಳಿಯುತ್ತಿತ್ತು, ಟಾರ್ಪಾಲು ಇನ್ನೂ ಹೊದಿಸಿರಲಿಲ್ಲ.