‘ಬಿಟ್ಟು ಬಾ’ ಅನ್ನುವ ಮೊದಲು

ಮಹಿಳಾ ಸಹಾಯವಾಣಿಯಲ್ಲಿ ಆಪ್ತಸಮಾಲೋಚಕಿಯಾಗಿರುವ ನನಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಇಷ್ಟೆಲ್ಲ ಹೊಡೆಸಿಕೊಂಡು ಆಕೆ ಯಾಕೆ ಅಲ್ಲೇ ಇರ್ತಾಳೆ?’ ಹೊಸದಾಗಿ ಕೆಲಸಕ್ಕೆ ಸೇರಿದವರೂ ಇದನ್ನೇ ಕೇಳುತ್ತಾರೆ. ಅವರಿಗೆ ನಾನು ಮೊದಲು ಹೇಳಿಕೊಡುವುದು, ಹೆಂಗಸಿನ ಜೀವಕ್ಕೆ ಅಪಾಯ ಅತಿ ಹೆಚ್ಚಿರುವುದು ಆಕೆ ಹೊರಡಲು ನಿರ್ಧರಿಸಿದಾಗ ಮತ್ತು ಹೊರಟ ಮೊದಲ ಕೆಲವು ತಿಂಗಳಲ್ಲಿ ಎಂಬುದನ್ನು.

ಕರೆ ಮಾಡುವವರು ಎಷ್ಟೋ ಸಲ ತಮಗಾಗುತ್ತಿರುವುದನ್ನು ಹಿಂಸೆ ಅಂತಲೇ ಹೇಳುವುದಿಲ್ಲ. ಒಬ್ಬಾಕೆ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಆ ಸದ್ದಿನ ಮರೆಯಲ್ಲಿ ಮಾತಾಡುತ್ತಿದ್ದರು. ‘ಹೊಡೆಯೋದೆಲ್ಲ ಇಲ್ಲ ಮೇಡಂ. ಸಿಟ್ಟು ಬಂದ್ರೆ ಕತ್ತು ಹಿಡೀತಾರೆ, ಆಮೇಲೆ ಬಿಡ್ತಾರೆ.’ ಉಸಿರು ಕಟ್ಟಿತ್ತಾ, ಕಣ್ಣು ಕತ್ತಲೆ ಬಂತಾ, ನುಂಗೋಕೆ ಕಷ್ಟ ಆಗ್ತಿದೆಯಾ ಅಂತ ಒಂದೊಂದಾಗಿ ಕೇಳಿದೆ. ಮೂರಕ್ಕೂ ಹೌದು ಅಂದರು. ಕತ್ತು ಹಿಸುಕಿದಾಗ ಎಷ್ಟೋ ಸಲ ಹೊರಗೆ ಗುರುತೇ ಕಾಣುವುದಿಲ್ಲ, ಆದರೆ ಒಳಗೆ ರಕ್ತನಾಳಕ್ಕೆ ಪೆಟ್ಟಾಗಿದ್ದರೆ ದಿನಗಳಾದ ಮೇಲೂ ಪಾರ್ಶ್ವವಾಯು ಹೊಡೆಯಬಹುದು. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹಿಂದೆ ಸಂಗಾತಿ ಕತ್ತು ಹಿಸುಕಿದ್ದರೆ ಆಕೆ ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ 7 ಪಟ್ಟಿಗೂ ಹೆಚ್ಚು. ಹಾಗಾಗಿ ಕತ್ತಿನ ಪ್ರಶ್ನೆಯನ್ನು ನಾವು ಪ್ರತಿ ಕರೆಯಲ್ಲೂ ಕೇಳುತ್ತೇವೆ. ಹೌದು ಅಂದರೆ ಮೊದಲು ಆಸ್ಪತ್ರೆ, ಉಳಿದ ಮಾತು ಆಮೇಲೆ.

ಕಾರಣ ಕೇಳಿದರೆ ಬರುವ ಮೊದಲ ಉತ್ತರ ಕುಡಿತ. ಕುಡಿತ ಏಟಿನ ಬಿರುಸು ಹೆಚ್ಚಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದೇ ಗಂಡಸು ಕುಡಿದು ತನ್ನ ಮೇಲಧಿಕಾರಿಯ ಮೇಲೆ ಕೈ ಎತ್ತುವುದಿಲ್ಲ. ಸ್ವಲ್ಪ ಹೊತ್ತು ಮಾತಾಡಿಸಿದರೆ ಬೇರೆ ವಿಷಯಗಳು ಹೊರಬರುತ್ತವೆ: ಸಂಬಳದ ಕಾರ್ಡ್ ಅವನ ಹತ್ತಿರ, ಫೋನಿನ ಪಾಸ್‌ವರ್ಡ್ ಅವನಿಗೆ ಗೊತ್ತು, ತವರಿಗೆ ಫೋನ್ ಮಾಡಿದರೆ ಎರಡು ದಿನ ಮಾತಿಲ್ಲ. ಈ ಹಿಡಿತವೇ ಬೇರು. ಬಾಲ್ಯದಲ್ಲಿ ಅಪ್ಪ ಅಮ್ಮನನ್ನು ಹೊಡೆಯುವುದನ್ನು ಕಂಡಿದ್ದು, ಗಂಡ ಹೆಂಡತಿಯನ್ನು ಹೊಡೆದು ತಿದ್ದಬಹುದು ಅನ್ನುವ ಸುತ್ತಲಿನವರ ನಂಬಿಕೆ, ಕೈಯಲ್ಲಿ ಕಾಸಿಲ್ಲದ ಹೆಂಡತಿ, ಇವೆಲ್ಲ ಅದಕ್ಕೆ ನೀರೆರೆಯುತ್ತವೆ. ಅವನ ಕೆಲಸ ಹೋದಾಗಲಂತೂ ನಾನು ಇನ್ನಷ್ಟು ಎಚ್ಚರವಾಗುತ್ತೇನೆ. ಸಂಗಾತಿಯಿಂದ ನಡೆದ ಕೊಲೆಗಳ ಬಗ್ಗೆ ಅಮೆರಿಕದಲ್ಲಿ 2003ರಲ್ಲಿ ಬಂದ ದೊಡ್ಡ ಅಧ್ಯಯನ ಗುರುತಿಸಿದ ಅಪಾಯಗಳಲ್ಲಿ ಅವನ ನಿರುದ್ಯೋಗವೂ, ಬಂದೂಕು ಕೈಗೆಟುಕುವುದೂ, ವಿಪರೀತ ಹಿಡಿತವಿಟ್ಟುಕೊಂಡವನಿಂದ ಆಕೆ ದೂರವಾಗುವುದೂ ಇದ್ದವು.

ಕರೆ ಹೆಚ್ಚಾಗುತ್ತಿದೆ, ಹಿಂಸೆ ಏರುತ್ತಿದೆಯಾ ಅಂತ ಕೇಳುವವರಿದ್ದಾರೆ. ಕರೆ ಹೆಚ್ಚಾದದ್ದು ಹೆಚ್ಚು ಜನ ಬಾಯಿ ಬಿಟ್ಟಿದ್ದರಿಂದಲೂ ಇರಬಹುದು. ವಿಶ್ವಸಂಸ್ಥೆಯ ಪ್ರಕಾರ ಹಿಂಸೆಗೊಳಗಾದ ಮಹಿಳೆಯರಲ್ಲಿ ಯಾವುದೇ ನೆರವು ಕೇಳುವವರು ಶೇ. 40ಕ್ಕಿಂತ ಕಡಿಮೆ. ಹಿಂಸೆಯೇನೋ ಇಳಿದಿಲ್ಲ ಎನ್ನುವಷ್ಟು ನಿಧಾನವಾಗಿ ಇಳಿಯುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ 2 ದಶಕಗಳಲ್ಲಿ ಸಂಗಾತಿಯ ಹಿಂಸೆ ತಗ್ಗಿದ್ದು ವರ್ಷಕ್ಕೆ ಶೇ. 0.2ರಷ್ಟು ಮಾತ್ರ. 2023ರಲ್ಲಿ ಜಗತ್ತಿನಲ್ಲಿ ಸುಮಾರು 51,100 ಮಹಿಳೆಯರು ಮತ್ತು ಹುಡುಗಿಯರು ಸಂಗಾತಿ ಅಥವಾ ಮನೆಯವರ ಕೈಯಲ್ಲೇ ಸತ್ತರು, ದಿನಕ್ಕೆ 140 ಜೀವ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನಾವು ‘ಬಿಟ್ಟು ಬನ್ನಿ’ ಅನ್ನುವುದಿಲ್ಲ. ‘ನೀವು ಹೊರಡ್ತಿರೋದು ಗೊತ್ತಾದ್ರೆ ಅವನು ಏನು ಮಾಡಬಹುದು?’ ಅಂತ ಕೇಳುತ್ತೇವೆ. ಅವನನ್ನು ನಮಗಿಂತ ಚೆನ್ನಾಗಿ ಬಲ್ಲವರು ಅವರೇ. ಆ ಉತ್ತರದ ಮೇಲೆಯೇ ಮುಂದಿನ ಯೋಜನೆ: ಮಕ್ಕಳ ಕಾಗದಪತ್ರದ ನಕಲು ಯಾರ ಮನೆಯಲ್ಲಿಡಬೇಕು, ಪಕ್ಕದ ಮನೆಯವರಿಗೆ ಯಾವ ಸಂಕೇತ ಪದ ಕೊಡಬೇಕು, ಅವನು ಮನೆಯಲ್ಲಿಲ್ಲದ ಹೊತ್ತು ಯಾವುದು. ಫೋನಿನ ಲೊಕೇಶನ್ ಇದ್ದಕ್ಕಿದ್ದಂತೆ ಆಫ್ ಮಾಡಿದರೂ ಅನುಮಾನ ಬರುತ್ತದೆ, ಅದಕ್ಕೂ ಸಮಯ ಗೊತ್ತುಮಾಡುತ್ತೇವೆ. ಆಕೆ ಈಗಲೇ ಹೊರಡಲ್ಲ ಅಂದರೆ ಕರೆ ಮುಗಿಸುವ ಮುನ್ನ ಮತ್ತೆ ಯಾವಾಗ, ಯಾವ ಹೊತ್ತಿಗೆ ಮಾತಾಡಬಹುದು ಎಂದು ಕೇಳಿ ಬರೆದಿಟ್ಟುಕೊಳ್ಳುತ್ತೇವೆ. ಆ ಹೊತ್ತು ಬಿಟ್ಟು ನಾವಾಗಿ ಆ ನಂಬರಿಗೆ ಕರೆ ಮಾಡುವುದಿಲ್ಲ. ಫೋನ್ ಯಾರ ಕೈಯಲ್ಲಿರುತ್ತದೋ ಹೇಳಲಾಗದು.