ಬಾದಾಮಿ ಫೋಟೊ ಸರಣಿ: 9ನೇ ವಾರದವರೆಗೆ ಆದ ಕೆಲಸ

ಗುರಿ 12 ವಾರದ್ದು. ಬಾದಾಮಿ ಸುತ್ತಮುತ್ತಲಿನ 20 ಚಿತ್ರ, ಪ್ರತಿ ಚಿತ್ರಕ್ಕೂ ಅಡಿಬರಹ, ಗುರುತು ಸಿಗುವ ಪ್ರತಿ ಮುಖಕ್ಕೂ ಒಪ್ಪಿಗೆ ಪತ್ರ. ಕೋರ್ಸ್ ಮಾಡದೆ ಪ್ರವಾಸ ಛಾಯಾಗ್ರಹಣವನ್ನು ವೃತ್ತಿ ಮಾಡಿಕೊಳ್ಳಲು ಹೊರಟವರಿಗೆ ಇದಕ್ಕಿಂತ ಗಟ್ಟಿ ದಾರಿ ಇಲ್ಲ. ಪತ್ರಿಕೆಯವರು ಸರ್ಟಿಫಿಕೇಟ್ ಕೇಳುವುದಿಲ್ಲ. ಒಂದೇ ಊರಿನ ಮೇಲೆ ನಾಲ್ಕು ಪುಟ ಕಟ್ಟುವಷ್ಟು ಚಿತ್ರ ಇದೆಯೇ, ಹೆಸರು, ದಿನಾಂಕ ಸರಿ ಇವೆಯೇ ಎಂದು ನೋಡುತ್ತಾರೆ. ಹತ್ತು ಊರಿನ ಹತ್ತು ಸೂರ್ಯಾಸ್ತ ಕಳಿಸಿದರೆ ಅವರಿಗೆ ಏನೂ ಮಾಡಲು ಬರುವುದಿಲ್ಲ.

ಸಲಕರಣೆ: 24 ಮೆಗಾಪಿಕ್ಸೆಲ್ ಕ್ಯಾಮೆರಾ, 18–55 ಕಿಟ್ ಲೆನ್ಸ್, 50 ಎಂಎಂ ಎಫ್/1.8 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟು ಒಳಬರುವ ಬೆಳಕು ಹೆಚ್ಚು), ಎರಡು ಬ್ಯಾಟರಿ, 64 ಜಿಬಿಯ ಎರಡು ಕಾರ್ಡ್. ಇಷ್ಟೇ. ಹೊಸ ಲೆನ್ಸಿನ ದುಡ್ಡು ಬಸ್ಸಿಗೂ ಲಾಡ್ಜಿಗೂ ಹೋಗಲಿ.

1–2ನೇ ವಾರ: ಕ್ಯಾಮೆರಾ ಹೊರಗೆ ತೆಗೆಯುವ ಮೊದಲೇ ಪಟ್ಟಿ ಆಯಿತು. ಊರಿನ ನೋಟ 5, ಶಿಲ್ಪ 4, ನೇಕಾರಿಕೆ 5, ಊಟ ಮತ್ತು ಸಂತೆ 4, ದಾರಿ ಮತ್ತು ವಾಹನ 2. ಪಟ್ಟಿ ಇಲ್ಲದಿದ್ದರೆ ಕೊನೆಗೆ ಉಳಿಯುವುದು ಒಂದೇ ಕೆರೆಯ 200 ಚಿತ್ರ.

3–4ನೇ ವಾರ: ಹೆಚ್ಚು ಕಷ್ಟ ಕೊಟ್ಟದ್ದು ಕೆಂಪು ಮರಳುಗಲ್ಲು. ಭೂತನಾಥ ಗುಡಿ ಅಗಸ್ತ್ಯ ತೀರ್ಥವೆಂಬ ಕೆರೆಯ ಪೂರ್ವ ದಂಡೆಯಲ್ಲಿದೆ. ಬೆಳಗ್ಗೆ ಸೂರ್ಯ ಅದರ ಬೆನ್ನ ಹಿಂದೆ, ಸಂಜೆ ನೇರ ಮುಖದ ಮೇಲೆ. ಹಾಗಾಗಿ ಸಂಜೆಯೇ ಸರಿ. ಆದರೆ ಆ ಬೆಳಕಿನಲ್ಲಿ ಕಲ್ಲಿನ ಕೆಂಪು ಬಣ್ಣ ಸೆನ್ಸರಿನ ಮಿತಿ ದಾಟುತ್ತದೆ. ಕ್ಯಾಮೆರಾದ ಬಿಳಿ ಹಿಸ್ಟೋಗ್ರಾಂ (ಚಿತ್ರದ ಒಟ್ಟು ಬೆಳಕು ತೋರಿಸುವ ನಕ್ಷೆ) ಎಲ್ಲ ಸರಿ ಎಂದೇ ತೋರಿಸುತ್ತಿರುತ್ತದೆ, ಮನೆಗೆ ಬಂದು ನೋಡಿದರೆ ಬಂಡೆಯ ಬಿರುಕು, ಪದರ ಎಲ್ಲ ಮಾಯವಾಗಿ ಕಿತ್ತಳೆ ಬಣ್ಣ ಬಳಿದಂತಿರುತ್ತದೆ. ಮೊದಲ ಸಂಜೆಯ ಚಿತ್ರಗಳು ಹೀಗೇ ಹಾಳಾದವು. ಪರಿಹಾರ: ಆರ್‌ಜಿಬಿ ಹಿಸ್ಟೋಗ್ರಾಂ (ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಗೆರೆ ಇರುವುದು) ತೆರೆದು ಕೆಂಪು ಗೆರೆ ಮಾತ್ರ ನೋಡುವುದು, ಎಕ್ಸ್‌ಪೋಷರ್ ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸುವುದು, ಸೆನ್ಸರಿನ ಮಾಹಿತಿ ಪೂರ್ತಿ ಉಳಿಯುವ ರಾ ಫೈಲಿನಲ್ಲೇ ತೆಗೆಯುವುದು. ವೈಟ್ ಬ್ಯಾಲೆನ್ಸ್ (ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಆಟೋದಲ್ಲಿದ್ದರೆ ಕ್ಯಾಮೆರಾ ಆ ಕೆಂಪನ್ನು ದೋಷವೆಂದು ತಿಳಿದು ತಣ್ಣಗೆ ಮಾಡುತ್ತದೆ. 5200 ಕೆಲ್ವಿನ್‌ಗೆ ಕಟ್ಟಿ ಹಾಕಿದ ಮೇಲೆ ಕಲ್ಲು ಕಲ್ಲಿನ ಬಣ್ಣಕ್ಕೆ ಬಂತು.

ಗುಹೆಗಳೊಳಗೆ ಸಮಸ್ಯೆ ಬೇರೆ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಮುಂಗಡ ಅನುಮತಿ ಬೇಕು, ಕೈಯಲ್ಲೇ ಹಿಡಿಯಬೇಕಾಗುತ್ತದೆ. ಮೂರನೇ ಗುಹೆಯ ಮೊಗಸಾಲೆಯಲ್ಲಿ ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 1600, ಎಫ್/4, 1/60 ಸೆಕೆಂಡ್ ಸಾಕಾಯಿತು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಡುತ್ತ ಮೂರು ಫ್ರೇಮ್ ಒಟ್ಟಿಗೆ ತೆಗೆದರೆ ಒಂದಾದರೂ ಅಲುಗದೆ ಬರುತ್ತದೆ. ಬ್ಯಾಗಿನ ಜಿಪ್ ಹಾಕಿರಲಿ, ಮಂಗಗಳು ಬಿಡುವುದಿಲ್ಲ.

5–6ನೇ ವಾರ: ಗುಳೇದಗುಡ್ಡ. ಖಣ (ರವಿಕೆ ಬಟ್ಟೆ) ನೇಯುವ ಮಗ್ಗದ ಮನೆಯಲ್ಲಿ ಬೆಳಕು ಒಂದು ಕಿಟಕಿಯದು ಮಾತ್ರ. 50 ಎಂಎಂ, ಎಫ್/2, ಐಎಸ್‌ಒ 3200, 1/250ರಲ್ಲಿ ಎಲ್ಲ ಸ್ಪಷ್ಟವಾಗಿ ನಿಂತಿತು, ಮಗ್ಗ ಮಾತ್ರ ಸತ್ತಂತೆ ಕಂಡಿತು. 1/15ಕ್ಕೆ ಇಳಿಸಿ, ಕ್ಯಾಮೆರಾವನ್ನು ಮಣೆಯ ಮೇಲಿಟ್ಟಾಗ ಲಾಳಿ ಗೆರೆಯಾಗಿ ಓಡಿತು, ನೇಕಾರರ ಮುಖ ನಿಂತಿತು. ಪುಟಕ್ಕೆ ಹೋಗುವುದು ಈ ಚಿತ್ರವೇ.

7ನೇ ವಾರ: ಬನಶಂಕರಿ. ಗುಡಿಯ ಬಳಿ ರೊಟ್ಟಿ, ಶೇಂಗಾ ಚಟ್ನಿ, ಗಡಿಗೆ ಮೊಸರು ಮಾರುವ ಹೆಂಗಸರಿದ್ದಾರೆ. ಮೊದಲು ಉಣ್ಣಬೇಕು, ಆಮೇಲೆ ಕೇಳಬೇಕು: "ಅಕ್ಕಾರ, ಒಂದ್ ಫೋಟೊ ತಗೀಲೇನ್ರಿ? ಪುಸ್ತಕದಾಗ ಬರ್ತೈತಿ." ಒಪ್ಪಿಗೆ ಪತ್ರ ಒಂದೇ ಪುಟ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ. ಹೆಸರು, ಸಹಿ, ಸಾಕ್ಷಿ, ದಿನಾಂಕ. ಜಾಹೀರಾತಿಗೂ ಬಳಸಬಹುದು ಎಂಬ ಸಾಲನ್ನು ಓದಿ ಹೇಳಲೇಬೇಕು, ಇದರಲ್ಲಿ ರಾಜಿ ಬೇಡ. ಬೇಡ ಎಂದವರ ಚಿತ್ರವನ್ನು ಅವರೆದುರೇ ಅಳಿಸಲಾಯಿತು.

8ನೇ ವಾರ: ಆರಿಸುವುದು ಮತ್ತು ಅಡಿಬರಹ. ಒಂದೇ ನೋಟದ ಎರಡು ಚಿತ್ರ ಇದ್ದಲ್ಲಿ ಒಂದು ಹೋಯಿತು, ಎಷ್ಟೇ ಚೆನ್ನಾಗಿರಲಿ. ಅಡಿಬರಹ ಹೀಗೆ: "ಬಾದಾಮಿ, ಬಾಗಲಕೋಟೆ ಜಿಲ್ಲೆ: ಮೂರನೇ ಗುಹೆಯಲ್ಲಿ ಆದಿಶೇಷನ ಮೇಲೆ ಕುಳಿತ ವಿಷ್ಣು. ಇಲ್ಲಿಯ ಮಂಗಲೇಶನ ಶಾಸನ ಒಂದನೇ ಕೀರ್ತಿವರ್ಮನ ಕಾಲದ್ದು, ಕ್ರಿ.ಶ. 578ರದು." ಪಟ್ಟದಕಲ್ಲಿನ ಗುಡಿಗೆ ಬಾದಾಮಿ ಎಂದು ಬರೆದರೆ ಬಲ್ಲ ಸಂಪಾದಕರು ಉಳಿದ 19 ಚಿತ್ರಗಳನ್ನೂ ನಂಬುವುದಿಲ್ಲ.

9ನೇ ವಾರ: ಪತ್ರಿಕೆಗಳಿಗೆ ಕಳಿಸುವ ಕೆಲಸ ಶುರು. ಒಂದು ಮೇಲ್‌ನಲ್ಲಿ ಐದೇ ಚಿತ್ರ, ಉದ್ದದ ಬದಿ 1500 ಪಿಕ್ಸೆಲ್, ಪೂರ್ತಿ ಸರಣಿಗೆ ಲಿಂಕ್, ವಿಷಯ ಮೂರು ಸಾಲಿನಲ್ಲಿ. ತಿಂಗಳ ಪತ್ರಿಕೆಗಳು ಎರಡು ಮೂರು ತಿಂಗಳು ಮುಂಚೆಯೇ ಪುಟ ನಿರ್ಧರಿಸುತ್ತವೆ, ಆದ್ದರಿಂದ ಜನವರಿಯ ಬನಶಂಕರಿ ಜಾತ್ರೆಯ ವಿಷಯ ಅಕ್ಟೋಬರಿನಲ್ಲೇ ಹೋಗಬೇಕು.

ಹಕ್ಕಿನ ಮಾತು ಅದೇ ಮೇಲ್‌ನಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಒಡೆಯರು ಅವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಹಕ್ಕು ಬರೆದುಕೊಡುವಾಗ ಅವಧಿ ಹಾಕದಿದ್ದರೆ 5 ವರ್ಷ, ಪ್ರದೇಶ ಹಾಕದಿದ್ದರೆ ಇಡೀ ಭಾರತ ಎಂದಾಗುತ್ತದೆ. "ಒಂದು ಸಂಚಿಕೆ, ಒಂದು ಬಾರಿ, ಮುದ್ರಣಕ್ಕೆ ಮಾತ್ರ" ಎಂದು ಬರೆದರೆ ಮುಗಿಯಿತು.

ಉಳಿದ ಚಿತ್ರಗಳು ಆನ್‌ಲೈನಿನಲ್ಲಿ ಫೋಟೊ ಮಾರುವ ಅಡೋಬಿ ಸ್ಟಾಕ್‌ಗೆ. ಅಲ್ಲಿ ಮಾರಾಟವಾದ ಫೋಟೊಗೆ ತೆಗೆದವರ ಪಾಲು 33%, ಹುಡುಕಾಟದಲ್ಲಿ ಮೊದಲ 10 ಕೀವರ್ಡ್‌ಗಳಿಗೆ ಹೆಚ್ಚು ತೂಕ. ಡಬ್ಲ್ಯು-8ಬೆನ್ ಫಾರ್ಮ್ (ಅಮೆರಿಕದ ತೆರಿಗೆ ಫಾರ್ಮ್) ತುಂಬುವುದನ್ನು ಮುಂದೂಡಬಾರದು. ಬಾಡಿಗೆ ಕಟ್ಟುವಷ್ಟು ಇದರಿಂದ ಬರುತ್ತದೆಂದು ಲೆಕ್ಕ ಹಾಕಬೇಡಿ.

ಬಾಕಿ: ಅಕ್ಕ–ತಂಗಿ ಜಲಪಾತ, ಜೋರು ಮಳೆ ಬಿದ್ದ ಮೇಲೆ ಸ್ವಲ್ಪ ಹೊತ್ತು ಮಾತ್ರ ಧುಮುಕುತ್ತದೆ, ಎರಡು ಸಲ ತಪ್ಪಿತು. ದಾರಿಯ ಎರಡೂ ಚಿತ್ರ ಇನ್ನೂ ಆಗಿಲ್ಲ. ಮುಂದಿನ ವಾರ ಬೆಳಗಿನ ಪಟ್ಟದಕಲ್ಲು ಬಸ್ಸು.