ಸಾಗಡೆ ಕೆಂಪಾದ ದಿನ

ಮೇಪಲ್ ಗಿಡದ ಎಲೆಗಳೆಲ್ಲ ಒಣಗಿದರೂ ಉದುರಲಿಲ್ಲ. ಮುಟ್ಟಿದರೆ ಚರಚರ ಅನ್ನುತ್ತಿದ್ದವು, ಆದರೂ ಕೊಂಬೆ ಬಿಡುತ್ತಿರಲಿಲ್ಲ. ಒಂದನ್ನು ತೊಟ್ಟು ಹಿಡಿದು ಎಳೆದೆ. ಕಡ್ಡಿಯ ಸಿಪ್ಪೆಯೂ ಜೊತೆಗೇ ಸುಲಿದು ಬಂತು.

ಅದಕ್ಕೂ ಮೂರು ವರ್ಷ ಮೊದಲು ಬೆಂಗಳೂರಿನ ನರ್ಸರಿಯೊಂದರಲ್ಲಿ ಆಸೆಪಟ್ಟು ಕೊಂಡ ಬೋನ್ಸಾಯ್ ಅದು. ಜಪಾನಿನ ಮೇಪಲ್, ಮೊಣಕೈ ಎತ್ತರ, ಬೆರಳು ಬಿಡಿಸಿದ ಪುಟ್ಟ ಅಂಗೈಯಂಥ ಎಲೆ. "ಡಿಸೆಂಬರ್ ಬಂದ್ರೆ ಪೂರ್ತಿ ಕೆಂಪಾಗುತ್ತೆ ಮೇಡಂ" ಅಂದಿದ್ದರು. ಶಿವಮೊಗ್ಗದ ನಮ್ಮ ಮನೆಯ ಮಹಡಿಯಲ್ಲಿ ನೆರಳುಬಲೆ ಕಟ್ಟಿ ಇಟ್ಟುಕೊಂಡೆ. ಏಪ್ರಿಲ್‌ನಲ್ಲಿ ಎಲೆಯಂಚು ಸೀದುಹೋಯಿತು. ಡಿಸೆಂಬರ್ ಬಂದರೂ ಹಸಿರು ಹಾಗೇ ಇತ್ತು. ಮರುವರ್ಷವೂ ಅದೇ ಕಥೆ. ಮೂರನೇ ವರ್ಷ ಯಾರೋ ಹೇಳಿದರು, ನೀರು ಕಡಿಮೆ ಮಾಡಿದರೆ ಬಣ್ಣ ಬರುತ್ತದೆ ಅಂತ. ದೀಪಾವಳಿ ಕಳೆದ ಮೇಲೆ ನೀರು ತಗ್ಗಿಸುತ್ತಾ ಬಂದೆ. ಸಂಕ್ರಾಂತಿಯ ಹೊತ್ತಿಗೆ ಎಲೆಗಳೆಲ್ಲ ಸುರುಟಿಕೊಂಡಿದ್ದವು. ಕೆಂಪು ಬರಲಿಲ್ಲ. ಗಿಡ ನನ್ನ ಕೈಯಲ್ಲೇ ಬಾಯಾರಿ ಹೋಯಿತು. ಆ ಸಂಕಟ ಇವತ್ತಿಗೂ ಇದೆ.

ಶಿವರಾತ್ರಿ ಕಳೆದು ವಾರಕ್ಕೆ ತೀರ್ಥಹಳ್ಳಿ ಕಡೆಯ ದೊಡ್ಡಪ್ಪನ ಮನೆಗೆ ಹೊರಟೆ. ಸಕ್ರೆಬೈಲು ದಾಟಿದ ಮೇಲೆ ರಸ್ತೆ ಬದಿಯ ತೇಗಗಳು ಬೋಳಾಗಿ ನಿಂತಿದ್ದವು. ಮಂಡಗದ್ದೆಯವರೆಗೂ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ನಮ್ಮಲ್ಲೂ ಎಲೆ ಉದುರುತ್ತದಲ್ಲ, ಹಾಗಾದರೆ ಬಣ್ಣ ಯಾಕಿಲ್ಲ ಎಂಬುದೊಂದೇ ಯೋಚನೆ.

ಮನೆ ತಲುಪಿದಾಗ ದೊಡ್ಡಮ್ಮ ಹಲಸಿನ ಮರದಡಿ ಕೊಟ್ಟಿಗೆಗೆಂದು ದರಗು ಗುಡಿಸುತ್ತಿದ್ದರು. ಕೈಗೆ ಸಿಗುವ ಕೊಂಬೆಯಲ್ಲಿ ಒಂದು ಎಲೆ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದೆ ಅಷ್ಟೇ, ಕಳಚಿ ಅಂಗೈಗೆ ಬಿತ್ತು. ತೊಟ್ಟಿನ ಬುಡ ನುಣ್ಣಗೆ, ಒಣಗಿದ ಹಾಗಿತ್ತು. ಪಕ್ಕದ ಹಸಿರೆಲೆ ಕಿತ್ತರೆ ಬಿಳಿ ಹಾಲು ಜಿನುಗಿ ಬೆರಳಿಗೆ ಅಂಟಿತು.

"ಹಣ್ಣೆಲೆ ಅಲ್ವನೇ ಅದು, ತಾನಾಗೇ ಬರ್ತದೆ" ಅಂದರು ದೊಡ್ಡಮ್ಮ.

ಹಣ್ಣೆಲೆ. ಹುಟ್ಟಿದಾಗಿನಿಂದ ಆಡಿದ ಮಾತು, ಅರ್ಥವಾದದ್ದು ಆವತ್ತು. ಎಲೆ ಒಣಗುವುದೇ ಬೇರೆ, ಹಣ್ಣಾಗುವುದೇ ಬೇರೆ. ಹಣ್ಣಾಗುವ ಎಲೆಯಿಂದ ಮರ ಮೊದಲು ಸಾರಜನಕವನ್ನು ವಾಪಸು ಎಳೆದುಕೊಳ್ಳುತ್ತದೆ, ಪತ್ರಹರಿತ್ತನ್ನು ಕರಗಿಸುತ್ತದೆ. ಮೊದಲಿನಿಂದಲೂ ಹಸಿರಿನ ಅಡಿಯಲ್ಲಿದ್ದ ಹಳದಿ ಆಗ ಕಾಣುತ್ತದೆ. ಅದೇ ಹೊತ್ತಿಗೆ ತೊಟ್ಟಿನ ಬುಡದಲ್ಲಿ ತೆಳ್ಳನೆಯ ಪದರವೊಂದು ಬೆಳೆದು, ಗಾಯವಾಗದ ಹಾಗೆ ಎಲೆಯನ್ನು ಬಿಡಿಸಿಕೊಡುತ್ತದೆ. ಇದಕ್ಕೆಲ್ಲ ಜೀವ ಬೇಕು, ವಾರಗಟ್ಟಲೆ ಸಮಯ ಬೇಕು. ನೀರಿಲ್ಲದೆ ಸತ್ತ ನನ್ನ ಮೇಪಲ್ ಎಲೆಗೆ ಎರಡೂ ಇರಲಿಲ್ಲ. ಅದಕ್ಕೇ ಕೊಂಬೆಗೆ ಅಂಟಿಕೊಂಡಿತ್ತು.

ಮೇಪಲ್ಲಿನ ಕೆಂಪಿನದು ಇನ್ನೂ ಬೇರೆ ಲೆಕ್ಕ. ಅದು ಅಡಗಿ ಕೂತ ಬಣ್ಣವಲ್ಲ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಮರ ಕೊನೆಗಾಲದಲ್ಲಿ ಹೊಸದಾಗಿ ಮಾಡುವ ಆಂಥೋಸಯಾನಿನ್. ಹಗಲು ಚುರುಕು ಬಿಸಿಲು, ರಾತ್ರಿ ಹಿಮಗಟ್ಟದಷ್ಟು ಚಳಿ ಇದ್ದರೆ ಬಣ್ಣ ಚೆನ್ನಾಗಿ ಏರುತ್ತದೆ. ಹಗಲು ಗಿಡ್ಡವಾಗುತ್ತಾ ಬರುವುದು ಮರಕ್ಕೆ ಒಂದು ಮುಖ್ಯ ಸೂಚನೆ. ಕ್ಯೋಟೋದಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲು 10 ಗಂಟೆಯೂ ಇರುವುದಿಲ್ಲ. ಶಿವಮೊಗ್ಗದಲ್ಲಿ ಅದು 11 ಗಂಟೆ ಮೀರುತ್ತದೆ. ಆ ಬೆಳಕನ್ನು ನಂಬಿ ಹಸಿರಾಗೇ ಇದ್ದ ಗಿಡವನ್ನು ನಾನು ಬಾಯಾರಿಸಿದ್ದೆ.

ಸಂಜೆ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿಕೊಂಡೆ. ಅವರು ಕಾಫಿ ಲೋಟ ಕೆಳಗಿಟ್ಟು ಎದ್ದರು. "ಬಾ, ಒಂದು ತೋರಿಸ್ತೀನಿ."

ತೋಟ ದಾಟಿ ಬೆಟ್ಟದ ಅಂಚಿಗೆ ಹೋದೆವು. ದೂರದಿಂದ ನೋಡಿ ಮುತ್ತುಗ ಹೂಬಿಟ್ಟಿದೆ ಅಂದುಕೊಂಡೆ. ಹತ್ತಿರ ಹೋದರೆ ಒಂದು ಹೂವೂ ಇಲ್ಲ, ಎಲ್ಲ ಎಲೆ! ದೊಡ್ಡ ಸಾಗಡೆ ಮರ ಬುಡದಿಂದ ತುದಿಯವರೆಗೆ ಕೆಂದಳಿರು ಹೊತ್ತು ನಿಂತಿತ್ತು. ಒಂದು ರೆಂಬೆ ಬಗ್ಗಿಸಿಕೊಟ್ಟರು. ಎಲೆ ಒದ್ದೆ ರೇಷ್ಮೆಯಷ್ಟು ಮೆದು, ಜೋಲುಬಿದ್ದಿತ್ತು. ಇಳಿಬಿಸಿಲಿಗೆ ಅಡ್ಡ ಹಿಡಿದರೆ ಬೆಳಕು ಹಾದು, ನರನರವೂ ಕಾಣುತ್ತಿತ್ತು. ಮೂರು ವರ್ಷ ಮಹಡಿಯ ಮೇಲೆ ನಾನು ಕಾದ ಕೆಂಪು, ಇಲ್ಲಿ ಯಾರೂ ಕರೆಯದೆ ಬಂದಿತ್ತು.

"ಹದಿನೈದಿಪ್ಪತ್ತು ದಿನ ಬಿಟ್ಟು ಬಾ ಮಾರಾಯ್ತಿ, ಮರ ಪೂರ್ತಿ ಹಸಿರಾಗಿರ್ತದೆ" ಅಂದರು ದೊಡ್ಡಪ್ಪ.

ಆಂಥೋಸಯಾನಿನ್ ಇಲ್ಲೂ ಇದೆ. ಹಸಿರು ಇನ್ನೂ ಕಟ್ಟಿಕೊಳ್ಳದ ಎಳೆ ಎಲೆಗೆ ಸುಡುಬಿಸಿಲಿನ ಪೆಟ್ಟು ತಡೆಯಲು ಈ ಬಣ್ಣ ನೆರವಾಗುತ್ತದೆ. ಮಾವು, ನಾಗಸಂಪಿಗೆ, ಅರಳಿ, ಎಲ್ಲವೂ ಹೀಗೆಯೇ ತಾಮ್ರವೋ ಕೆಂಪೋ ಆಗಿ ಹುಟ್ಟುವಂಥವು. ಮೇಪಲ್ಲಿನ ನಾಡಿನಲ್ಲಿ ಕೆಂಪೆಂದರೆ ಎಲೆಯನ್ನು ಬೀಳ್ಕೊಡುವ ಬಣ್ಣ. ನಮ್ಮ ಕಾಡಿನಲ್ಲಿ ಅದು ಬಾಣಂತಿ ಕೋಣೆಯ ಬಣ್ಣ. ನಾನು ಹುಡುಕಿದ್ದು ತಪ್ಪು ತಿಂಗಳಲ್ಲಿ, ಎಲೆಯ ತಪ್ಪು ವಯಸ್ಸಿನಲ್ಲಿ.

ವಾಪಸು ಬರುವಾಗ ಬಾವಿಯ ಕಲ್ಲುಸಂದಿಯಲ್ಲಿ ಒಂದು ಅರಳಿ ಸಸಿ ಕಂಡಿತು. ಬೆರಳುದ್ದದ ಕಾಂಡ, ಬುಡ ಮಾತ್ರ ಆಗಲೇ ಗಂಟುಗಂಟು. ಬೇಕು ಅಂದೆ. ದೊಡ್ಡಮ್ಮನಿಗೆ ಸಮಾಧಾನವಿಲ್ಲ: "ಅರಳಿ ಮನೆ ಒಳಗೆ ಇಡಬಾರದು ಕಣೇ." ಹೊರಗೇ ಇಡುತ್ತೇನೆ ಅಂತ ಮಾತು ಕೊಟ್ಟ ಮೇಲೆ ತಾವೇ ಹಸಿ ಗೋಣಿತುಂಡು ತಂದು ಬೇರು ಸುತ್ತಿಕೊಟ್ಟರು.

ಮೇಪಲ್ ಇದ್ದ ಟ್ರೇಯಲ್ಲೇ ಅದನ್ನು ನೆಟ್ಟಿದ್ದೇನೆ, ಕಾಂಪೌಂಡ್ ಗೋಡೆಯ ಮೇಲೆ. ಎರಡು ವರ್ಷ ಮುಟ್ಟದೆ ಬೇರೂರಲು ಬಿಟ್ಟೆ. ಈ ಸಲ ಶಿವರಾತ್ರಿ ಕಳೆದ ಮೇಲೆ, ಗಿಡ ಗಟ್ಟಿಯಾಗಿದೆ ಅನ್ನಿಸಿದಾಗ, ಹೊಸ ಚಿಗುರು ಬರಲಿ ಅಂತ ತೊಟ್ಟು ಉಳಿಸಿ ಎಲೆಗಳನ್ನು ಕತ್ತರಿಸಿದೆ. ನೀರು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಉಳಿದ ತೊಟ್ಟುಗಳು ಹಳದಿಯಾಗಿ ಒಂದೊಂದೇ ತಾವಾಗೇ ಕಳಚಿಬಿದ್ದವು. ನಿನ್ನೆ ಬೆಳಗ್ಗೆ ತುದಿಮೊಗ್ಗಿನ ಹೊದಿಕೆ ಜಾರಿ, ಉಗುರಿನಷ್ಟು ಎಲೆಯೊಂದು ಬಾಲ ಬಿಟ್ಟುಕೊಂಡು ಈಚೆ ಬಂದಿದೆ. ತಾಮ್ರದ ಬಣ್ಣ, ಅಂಚಿನಲ್ಲಿ ಸ್ವಲ್ಪ ಗುಲಾಬಿ. ಫೋಟೋ ತೆಗೆದು ದೊಡ್ಡಪ್ಪನಿಗೆ ಕಳಿಸಿದೆ.